ಕಿವಿಗೆ ರಜೆ

ನಲ್ಲಿಯ ಸದ್ದು ಒಳ್ಳೆಯದು, ಬಕೆಟ್ಟಿನ ತಳಕ್ಕೆ ಬೀಳುವಾಗ ಗಡಗಡ, ಅರ್ಧ ತುಂಬಿದ ಮೇಲೆ ಗುಳುಗುಳು, ಇದು ಇಷ್ಟು ಜೋರಾಗಿರುವವರೆಗೆ ಅವಳಿಗೆ ಹೊರಗಿನವರ ಮಾತು ಕೇಳುವುದಿಲ್ಲ, ಅವಳು ಒಳಗೆ ಏನೂ ಮಾಡದೆ ಸುಮ್ಮನೆ ನಿಂತಿದ್ದಾಳೆಂದು ಹೊರಗಿನವರಿಗೂ ತಿಳಿಯುವುದಿಲ್ಲ — ಅಕ್ಕನ ಮನೆಯ ಬಚ್ಚಲು, ಮೂಲೆಗೆ ಒರಗಿದ ಪೊರಕೆ, ಸವೆದ ಎರಡು ಚೂರುಗಳನ್ನು ಒತ್ತಿ ಒಂದು ಮಾಡಿದ ಸೋಪು, ಅಕ್ಕ ಯಾವುದನ್ನೂ ಬಿಸಾಡುವವಳಲ್ಲ, ಕನ್ನಡಿಯೂ ಇದೆ, ಅವಳು ಅತ್ತ ತಿರುಗಲಿಲ್ಲ. ಹಾಲಿನಲ್ಲಿ ಟೀವಿಯ ಮೇಲೆ ಈಗ ಹೆಸರುಗಳು ಏರುತ್ತಿರಬೇಕು, ಮೂಲ ರಂಗನಾಟಕ ಎಂದು ಮೇಷ್ಟ್ರ ಹೆಸರು, ಅದರ ಕೆಳಗೆ ಟೀವಿ ರೂಪಾಂತರ ಎಂದು ಅವಳದು, ಚಿಕ್ಕಮ್ಮಾ ಬೇಗ ಬಾ, ನಿನ್ನ ಹೆಸರು ಬಂತು, ಅಕ್ಕನ ಮಗಳ ಕೂಗು, ಬಂದೆ ಪುಟ್ಟಾ ಎಂದಳು, ಹೋಗಲಿಲ್ಲ. ಸರ್ಕಾರಿ ಟೀವಿ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ, ಎರಡೂವರೆ ಗಂಟೆಯ ನಾಟಕವನ್ನು ಭಾನುವಾರ ಮಧ್ಯಾಹ್ನದ ತೊಂಬತ್ತು ನಿಮಿಷಕ್ಕೆ ಇಳಿಸುವುದು, ದರ್ಜಿ ಕೆಲಸ ಬಿಡು, ಅಪ್ಪನ ಅಂಗಿ ಕತ್ತರಿಸಿ ಮಗನಿಗೆ ಹೊಲಿಯೋದು, ಭಾವ ಪ್ರತಿಸಲ ಹೇಳುವ ತಮಾಷೆ, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ಆದರೆ ಯಾವ ದರ್ಜಿಯೂ ಒಡಹುಟ್ಟಿದವಳ ಸೆರಗು ಹರಿದು ತೇಪೆ ಹಾಕುವುದಿಲ್ಲ.

ಮೇಷ್ಟ್ರ ನಾಟಕದಲ್ಲಿ ಆ ಹೆಂಗಸು ಮಾತೇ ಆಡುವುದಿಲ್ಲ, ಬಿಟ್ಟುಹೋದ ಗಂಡ ತಿರುಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಅವಳು ಜನರಿಗೆ ಬೆನ್ನು ಹಾಕಿ ಒಣಗಿದ ಬಟ್ಟೆ ಮಡಿಸುತ್ತಾಳೆ, ಮೂರು ನಿಮಿಷ, ರಂಗಮಂದಿರದಲ್ಲಿ ಕೆಮ್ಮು ಬಂದವರೂ ನುಂಗಿಕೊಳ್ಳುತ್ತಿದ್ದರು, ಅಕ್ಕ ತಂಗಿಯ ಪಕ್ಕದಲ್ಲೇ ಕೂತು ಎರಡು ಸಲ ನೋಡಿದ್ದಾಳೆ, ಎರಡನೆಯ ಸಲ ಆ ಮೂರು ನಿಮಿಷವೂ ಅವಳ ಕೈ ಹಿಡಿದುಕೊಂಡಿದ್ದಳು. ಟೀವಿಲಿ ಮೂರು ನಿಮಿಷ ಮೌನ ಅಂದ್ರೆ ಜನ ಸೆಟ್ ಕೆಟ್ಟೋಯ್ತು ಅಂತ ತಲೆ ಮೇಲೆ ತಟ್ತಾರೆ ಕಣ್ರೀ, ನಿರ್ಮಾಪಕಿ ಮೇಡಂ ಪೆನ್ನು ಕುಟ್ಟುತ್ತ ಹೇಳಿದ್ದು, ಒಂದು ಮಾತು ಬೇಕು, ಒಂದೇ, ಲೈಟ್ ಹಾಕಿ ಆಗಿದೆ, ಬೇಗ. ಮೇಕಪ್ ಕೋಣೆಯ ಬೆಂಚಿನ ಮೇಲೆ ಆರು ಸಾಲು ಬರೆದು ಹೊಡೆದುಹಾಕಿದಳು, ಎಲ್ಲವೂ ಬರೀ ನಾಟಕದ ಮಾತು, ಏಳನೆಯದು ಯೋಚಿಸದೆ ಬಂತು — ಸುಳ್ಳು, ಯೋಚಿಸಿದಳು, ಅಕ್ಕ ಭಾನುವಾರ ಮಧ್ಯಾಹ್ನ ಮಲಗಿಬಿಡುತ್ತಾಳೆ ಎನ್ನುವುದನ್ನೂ ಯೋಚಿಸಿದಳು, ಆಮೇಲೆಯೇ ಬರೆದಳು. ಮೇಡಂ ಓದಿ ಕನ್ನಡಕ ತೆಗೆದರು, ಎಲ್ಲಿಂದ ಬಂತ್ರೀ ಇದು, ಹಾಗೇ ಬಂತು ಮೇಡಂ. ಹಾಗೇ ಬಂತಂತೆ! ಸ್ಕ್ರಿಪ್ಟ್ ಓದಿ ಮೇಷ್ಟ್ರು ಕೂಡ ಫೋನು ಮಾಡಿದರು, ಮೂವತ್ತು ವರ್ಷ ನನಗೆ ಸಿಗದ ಮಾತು ನಿಮಗೆ ಸಿಕ್ತಲ್ಲಮ್ಮಾ, ಅವಳು ಏನು ಹೇಳಿದಳು, ನಿಮ್ಮ ಆಶೀರ್ವಾದ ಸರ್ ಎಂದಳು, ನಾಲಗೆ ಬಿದ್ದುಹೋಗಲಿಲ್ಲ.

ಆರು ವರ್ಷದ ಹಿಂದೆ, ಭಾವ ಎಂಟು ತಿಂಗಳು ಇನ್ನೊಬ್ಬಳ ಮನೆಯಲ್ಲಿದ್ದು ಹಿಂದಿರುಗಿದ ಮಾರನೆಯ ದಿನ — ಅಪ್ಪ ಆಗ ಕೆಲಸದ ಮೇಲೆ ಹೊರಗೆ ಹೋಗಿದ್ದರೆಂದೇ ಮಗಳಿಗೆ ಇವತ್ತಿಗೂ ಗೊತ್ತು — ಅಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಬೀನ್ಸಿನ ನಾರು ತೆಗೆಯುತ್ತಿದ್ದಳು, ತಲೆ ಎತ್ತದೆ, ಇವರು ಬಂದಿದ್ದಕ್ಕೆ ಸಂತೋಷ ಅಂತ ಏನೂ ಆಗ್ಲಿಲ್ಲ ಕಣೇ, ಬಾಗಿಲು ಸದ್ದಾದಾಗೆಲ್ಲ ಇವರೇನೋ ಅಂತ ಕಿವಿ ಅಲ್ಲೇ ಇರ್ತಿತ್ತು, ಈಗ ನನ್ನ ಕಿವಿಗೆ ರಜೆ ಸಿಕ್ತು, ಅಷ್ಟೇ, ಎಂದು ಸಣ್ಣಗೆ ನಕ್ಕಳು, ಯಾರ ಹತ್ರಾನೂ ಅನ್ಬೇಡ. ಇಲ್ಲ ಅಕ್ಕ. ಯಾರೊಬ್ಬರ ಹತ್ತಿರವೂ ಅನ್ನಲಿಲ್ಲ, ನಿಜ, ಒಂದೇ ಸಲಕ್ಕೆ ನಾಡಿಗೆಲ್ಲ ಅಂದಳು.

ಇವತ್ತು ಅಕ್ಕ ಮಲಗಲಿಲ್ಲ. ನನ್ನ ತಂಗಿ ನಾಟಕ, ನಿದ್ದೆ ಯಾರಿಗೆ ಬೇಕು, ಎಂದು ರಿಮೋಟು ಹಿಡಿದು ಮುಂದೆಯೇ ಕೂತಳು, ಪಕ್ಕದಲ್ಲಿ ಭಾವ, ನೆಲದ ಮೇಲೆ ಮಗಳು, ಬಾಗಿಲ ಬಳಿಯ ಕುರ್ಚಿಯಲ್ಲಿ ಅವಳು, ಕರೆಂಟು ಹೋಗಲಿ ಎಂದುಕೊಳ್ಳುತ್ತ, ಹೋಗಲಿಲ್ಲ, ಗಂಡ ಬಾಗಿಲಲ್ಲಿ ನಿಂತ, ಹೆಂಗಸು ಬಟ್ಟೆ ಕೈಯಲ್ಲಿ ಹಿಡಿದೇ ತಿರುಗಿದಳು, ನೀವು ಬಂದಿದ್ದಕ್ಕೆ ಸಂತೋಷ ಅಂತ ಏನೂ ಆಗಲಿಲ್ಲ — ಅಷ್ಟರಲ್ಲಿ ಅಕ್ಕನ ಹೆಬ್ಬೆರಳು ಗುಂಡಿ ಒತ್ತಿತು, ಪರದೆಯ ಅಂಚಿನಲ್ಲಿ ವಾಲ್ಯೂಮಿನ ಹಸಿರು ಗೆರೆಗಳು ಒಂದರ ಪಕ್ಕ ಒಂದು ಬೆಳೆದವು, ಇಳಿಯಲಿಲ್ಲ, ಬೆಳೆದವು, ಉಳಿದರ್ಧ ಮಾತು ಮನೆ ತುಂಬ ಕೇಳಿತು. ಸೂಪರ್ ಡೈಲಾಗ್ ಚಿಕ್ಕಮ್ಮ, ಹುಡುಗಿ ಚಪ್ಪಾಳೆ ತಟ್ಟಿದಳು. ಭಾವ ಟೀವಿಯನ್ನೇ ನೋಡುತ್ತ, ಆ ಮಾತು ನಾಟಕದಲ್ಲೇ ಇತ್ತಾ, ನೀನು ಬರೆದಿದ್ದಾ? ನಾಟಕದಲ್ಲೇ ಇತ್ತು ಭಾವ. ಹೇಳಿದ ಮೇಲೆ ಹೊಳೆಯಿತು, ಅಕ್ಕನಿಗೆ ಗೊತ್ತು, ಎರಡು ಸಲ ನೋಡಿದವಳು, ಈಗ ಬಾಯಿ ಬಿಡುತ್ತಾಳೆ, ಬಿಡಲಿ, ಬಿಟ್ಟುಬಿಡಲಿ ದೇವರೇ — ಹೂಂ, ಇತ್ತು, ಅಕ್ಕ ಹೇಳಿದಳು, ನಾನೂ ನೋಡಿದ್ದೀನಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಕದ್ದವಳನ್ನು ಮನೆಯ ಯಜಮಾನಿಯೇ ಅಡಗಿಸಿಟ್ಟಳು, ಮುಖ ತೊಳ್ಕೊಂಡು ಬರ್ತೀನಿ ಎಂದು ಇಲ್ಲಿಗೆ ಓಡಿಬಂದಳು, ಮುಖ ಇನ್ನೂ ಒಣಗಿಯೇ ಇದೆ.

ಫೋನು ಗುಂಯ್ ಎನ್ನುತ್ತಿದೆ, ನಿರ್ಮಾಪಕಿ ಮೇಡಂ, ಎಲ್ಲರೂ ಅದೇ ಮಾತು ಹೇಳ್ತಿದ್ದಾರೆ ಕಣ್ರೀ, ಎಂದೇ ಇರಬೇಕು, ತೆಗೆಯಲಿಲ್ಲ, ನೀರು ಬಕೆಟ್ಟಿನ ಅಂಚು ದಾಟಿ ಪಾದಕ್ಕೆ ಬಂತು, ಬಾಗಿಲು ಮೆಲ್ಲಗೆ ತಟ್ಟಿದ ಸದ್ದು, ಅಕ್ಕನ ದನಿ, ನೀರು ಹರಿದು ಹೋಗ್ತಿದೆ, ನಲ್ಲಿ ನಿಲ್ಸು. ನಿಲ್ಲಿಸಿದಳು. ನಿಲ್ಲಿಸಿದರೆ ಎಷ್ಟು ಮೌನ, ಇಬ್ಬರ ನಡುವೆ ಒಂದು ತಗಡಿನ ಬಾಗಿಲು, ಅಕ್ಕಾ, ನಾನು — ಬೇಡ, ಏನೂ ಹೇಳ್ಬೇಡ, ದನಿಯಲ್ಲಿ ಸಿಟ್ಟಿರಲಿಲ್ಲ, ನಾನೂ ಇನ್ಮೇಲೆ ನಿಂಗೆ ಏನೂ ಹೇಳಲ್ಲ, ಬಾ, ಕಾಫಿ ಆರ್ತಿದೆ. ಚಪ್ಪಲಿಯ ಸದ್ದು ಅಡುಗೆಮನೆಯ ಕಡೆ ಹೋಯಿತು. ಹೋಗಬೇಕು, ಚಿಲಕ ತೆಗೆದು, ಕಾಫಿ ಕುಡಿದು, ಭಾವನ ಎದುರು ಕೂತು, ಅಕ್ಕ ಯಾಕೆ ಜೋರು ಮಾಡಿದಳು, ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲವೆಂದೋ, ತಾನು ಆರು ವರ್ಷದಿಂದ ಹೇಳಲಾಗದ್ದು ಕೊನೆಗೂ ಗಂಡನ ಕಿವಿಗೆ ಬೀಳಲಿ ಎಂದೋ, ಕೇಳುವಂತಿಲ್ಲ, ಇನ್ನು ಯಾವತ್ತೂ ಕೇಳುವಂತಿಲ್ಲ, ಚಿಲಕದ ಮೇಲೆ ಕೈ ಇದೆ, ಕೈ ಮುಂದೆ ಹೋಗುತ್ತಿಲ್ಲ, ಅಕ್ಕನ ಹೆಬ್ಬೆರಳು, ಗುಂಡಿಯ ಮೇಲೆ ಬೆಳ್ಳಗಾದ ಉಗುರು, ಒತ್ತಿದ್ದು, ಬಿಟ್ಟಿದ್ದು, ಮತ್ತೆ ಒತ್ತಿದ್ದು, ಹಸಿರು ಗೆರೆ, ಇನ್ನೊಂದು ಹಸಿರು ಗೆರೆ, ಅಕ್ಕನ ಹೆಬ್ಬೆರಳು —