ಗೋಲು ಕಾಯುವವಳ ಕೈ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಅಂದಾನೆಪ್ಪ ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ ಕಟ್ಟಿದಾಗ ಪೇಟೆಯಲ್ಲಿ ನಗದವರಿರಲಿಲ್ಲ. ತನ್ನ ಅಂಗಡಿಯಲ್ಲಿ ಕಾಯಿಯ ತೊಟ್ಟು ಮುರಿಯುವ ಹುಡುಗಿಯರನ್ನೇ ಆರಿಸಿ, ಆಡಿದ ದಿನಕ್ಕೂ ಕೆಲಸದ ದಿನದಷ್ಟೇ ಕೂಲಿ ಕೊಟ್ಟ. "ಸಾವ್ಕಾರಗ ಕಾಯಿ ಘಾಟು ತಲಿಗೆ ಏರೇತಿ" ಎಂದರು. ಆಮೇಲೆ ಹಾವೇರಿ, ಹುಬ್ಬಳ್ಳಿ, ಬೆಳಗಾವಿಗಳಿಂದ ಗೆದ್ದ ಕಪ್‌ಗಳು ಬಂದು, ಅವನು ಕೂತು ವ್ಯಾಪಾರ ಮಾಡುವ ಗಾದಿಯ ಹಿಂದಿನ ಗೋಡೆಗೂಡು ತುಂಬಿದವು. ನಕ್ಕವರೇ ಪಂದ್ಯ ನೋಡಲು ಲಾರಿ ಹತ್ತಿದರು.

ಮೈಲವ್ವ ಬರಿಗೈಯಲ್ಲಿ ಗೋಲು ಕಾಯುವವಳು. ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲರೂ ಅವಳಿಗೆ ಸರಿದು ಕೂಡು ಎನ್ನುವವರೇ. ಆ ಎರಡು ಕಂಬಗಳ ನಡುವೆ ಮಾತ್ರ ಹಾಗೆನ್ನುವವರು ಇರಲಿಲ್ಲ.

ತೊಂಬತ್ತೆರಡರ ಸುಗ್ಗಿಯಲ್ಲಿ ಅಂದಾನೆಪ್ಪ ಹುಡುಗಿಯರನ್ನು ಕರೆದು ಹೇಳಿದ: "ಕ್ಲಬ್ಬಿನ ಖರ್ಚಿಗೆ ನಮ್ಮ ತಮ್ಮಂದಿರು ಒಪ್ಪವಲ್ರು. ರಾಣೆಬೆನ್ನೂರಿನ ಕಪ್ ತಂದ್ರ ಕ್ಲಬ್ ಇರತೈತಿ. ಇಲ್ಲಂದ್ರ ಇಲ್ಲಿಗೆ ಮುಗೀತು."

ಪಂದ್ಯದ ದಿನ ಯಾವಾಗಲೂ ರಜೆ. ಆ ಸಲ ಮಾಲು ಬಂದು ಬಿದ್ದಿತ್ತು. "ಆಟ ಇರೂದು ಸಂಜಿಗೆ. ಮಧ್ಯಾಹ್ನದ ತನಕ ಕುಂತು ಹೋಗ್ರಿ" ಎಂದ. ಕುಂತರು. ಟೆಂಪೊ ಹಾರ್ನ್ ಹೊಡೆದಾಗ ಎದ್ದು, ಕೈ ತೊಳೆದು, ದಿನದಂತೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿದರು. ಹಚ್ಚದಿದ್ದರೆ ಕಾಯಿಯ ಉರಿ ಬಿಡುವುದಿಲ್ಲ. ಮೈಲವ್ವನೂ ಮೊಣಕೈವರೆಗೆ ತಿಕ್ಕಿಕೊಂಡಳು. ಟೆಂಪೊ ಮೋಟೆಬೆನ್ನೂರು ದಾಟುವಾಗಲೂ ತಿಕ್ಕುತ್ತಲೇ ಇದ್ದಳು. ಉಳಿದವರಿಗೆ ಆಟದಲ್ಲಿ ಕೈಯ ಕೆಲಸವಿಲ್ಲ. ಅವಳಿಗಿದೆ ಎಂಬುದು ಅವಳಿಗೂ ಹೊಳೆಯಲಿಲ್ಲ.

ಬ್ಯಾಡಗಿಯವರೇ ಮೈದಾನವೆಲ್ಲ ತುಂಬಿಕೊಂಡು ಆಡಿದರು. ಗೋಲು ಮಾತ್ರ ಆಗಲಿಲ್ಲ. ಮೈಲವ್ವನ ಕಡೆ ಚೆಂಡು ಬರಲೇ ಇಲ್ಲ. ಕೊನೆಗೆ ಒಂದು ಬಂತು, ಎದೆಮಟ್ಟಕ್ಕೆ, ಸಣ್ಣ ಮಕ್ಕಳೂ ಹಿಡಿಯುವಂಥದ್ದು. ಹಿಡಿದಳು. ಅದು ಸಾಬೂನಿನಂತೆ ಜಾರಿ, ಕಾಲುಗಳ ನಡುವೆ ಬಿದ್ದು, ಹಿಂದಕ್ಕೆ ಗೋಲಿನೊಳಗೆ ಉರುಳಿತು.

ನಾಯಕಿ ಹಸೀನಾಬಿ ಓಡಿಬಂದು ಅವಳ ಅಂಗೈ ಹಿಡಿದಳು. ಬಿಟ್ಟಳು. ತನ್ನ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಚೆಂಡು ತೆಗೆದುಕೊಂಡು ಹೋದಳು. ಅಳು ಬರಬಹುದೆಂದು ಮೈಲವ್ವ ಕಾದಳು. ಬರಲಿಲ್ಲ. ಆಟ ಮುಗಿದ ಸೀಟಿ ಊದಿದರು.

ಮರುದಿನ ಅದೇ ಅಂಗಡಿ, ಅದೇ ರಾಶಿ. ಅಂದಾನೆಪ್ಪ ಎದುರಿಗೇ ಹಾದುಹೋದ, ನಿಲ್ಲಲಿಲ್ಲ. ಗಾದಿಯ ಹಿಂದಿನ ಗೂಡಿಗೆ ಯಾರೋ ಪರದೆ ಕಟ್ಟಿದ್ದರು. ಕೆಲಸ ಮುಗಿದು ಬಾಟಲಿ ಬಂದಾಗ ಮೈಲವ್ವ ಅದನ್ನು ಮುಟ್ಟದೆ ಆಚೆ ಸರಿಸಿದಳು.

"ಯಾಕ, ಉರಿಯೂದಿಲ್ಲೇನ?" ಎಂದಳು ಹಸೀನಾಬಿ.

"ಗೊತ್ತಾಗವಲ್ದು."

"ನಾವೆಲ್ಲಾರೂ ಹಚ್ಕೊಂಡಿದ್ವಿ. ನಿನ್ನ ಮಗ್ಗಲದಾಗ ಕುಂತು ನಾನ ನೋಡೇನಿ. ನನಗ ನೆನಪಾಗಬೇಕಿತ್ತಿಲ್ಲ?"

ಮೈಲವ್ವ ಎರಡೂ ಕೈಗಳನ್ನು ಮಡಿಲೊಳಗೆ ಎಳೆದುಕೊಂಡಳು.

"ಕೈ ಮುಂದ ಮಾಡವಾ. ಇನ್ನ ಏನ್ ಹಿಡಿಯೂದೈತಿ ನಿನಗ?"

ಹಸೀನಾಬಿ ತಾನೇ ಸುರಿದಳು. ಮೈಲವ್ವ ತಿಕ್ಕಿಕೊಂಡಳು, ಮೊಣಕೈವರೆಗೆ, ದಿನದಂತೆ.