ನಿಕಾರೆತೆಗೆ ಅರ್ಥವಾದ ನಾಲ್ಕು ಸಾಲು

ಮೇಲ್ವಸ್ತ್ರದ ಅಂಚಿಗೆಲ್ಲ ಬಿಳಿ ಪುಡಿ, ನೇರ ಕಲ್ಲುಕುಟಿಗನ ಹತ್ತಿರದಿಂದಲೇ ಬಂದಿದ್ದಾರೆ, ಕೂರಿ ಅಮ್ಮಾ ಎಂದೆ, ಕೂತರು, ನಿಕಾರೆತೆ ಅಮ್ಮ, ನನ್ನ ಗುರು ಕ್ಲೆಯಾಂದ್ರರ ಹೆಂಡತಿ, ಎಂಬತ್ತರ ಹತ್ತಿರ ಹತ್ತಿರ — ನನಗೇ ಅರವತ್ತು ದಾಟಿತು, ಬಗ್ಗಿ ಓದಿ ಓದಿ ಬೆನ್ನು ನೆಟ್ಟಗಾಗುವುದಿಲ್ಲ, ಅಲೆಕ್ಸಾಂಡ್ರಿಯದ ಈ ಉಪ್ಪುಗಾಳಿ ಬೇರೆ — ಏನಪ್ಪಾ ದೆಕ್ಸಿಪ್ಪಾ, ಇನ್ನೂ ಓದ್ತಾನೇ ಇದ್ದೀಯಾ, ಸಾಯೋ ಹೊತ್ತಿಗೆ ಸ್ವಲ್ಪ ಕಣ್ಣು ಉಳಿಸ್ಕೊಳ್ಳೋ, ಎಂದು ನಕ್ಕರು, ನಗು ನಿಂತ ಮೇಲೆ ಹೇಳಿದರು, ಫಿಲಿನ್ನಾ ಸಮಾಧಿಗೆ ಹೊಸ ಕಲ್ಲು ನಿಲ್ಲಿಸ್ತಿದ್ದೀನಿ, ಹಳೇದು ಬಿರುಕು ಬಿಟ್ಟಿದೆ, ನಾಳೆ ಅವಳ ದಿನ, ಹಾಲು ಜೇನು ಸುರೀಬೇಕು, ಮಗಳ ಮೇಲೆ ಅವರು ನಾಲ್ಕು ಸಾಲು ಬರ್ದಿದ್ರಲ್ಲ, ಆ ನದಿ ಕಾವ್ಯದ ಮೂರನೇ ಸುರುಳೀಲಿ, ಒಂದೇ ಸಲ ಓದಿ ಹೇಳಿದ್ರು, ಅಳು ಬಂದ್ಬಿಟ್ಟು ಒಂದು ಮಾತೂ ನೆನಪುಳೀಲಿಲ್ಲ ನಂಗೆ, ಅದನ್ನ ಓದು, ಕಲ್ಲುಕುಟಿಗ ಬಾಗಿಲಲ್ಲೇ ನಿಂತಿದ್ದಾನೆ, ಬರ್ಕೊಳ್ತಾನೆ. ನಾನು ನೀರು ಕುಡಿದೆ.

ಏಳನೇ ವರ್ಷಕ್ಕೆ ಜ್ವರದಲ್ಲಿ ಹೋದ ಮಗು, ನಾನು ಶಿಷ್ಯನಾಗಿ ಸೇರುವ ಮೊದಲೇ, ಗುರುಗಳು ಆ ಹೆಸರನ್ನು ನಮ್ಮೆದುರು ಒಮ್ಮೆಯೂ ಎತ್ತಲಿಲ್ಲ, ನದಿಗಳ ಹುಟ್ಟಿನ ಮೇಲೆ ಹನ್ನೆರಡು ಸುರುಳಿ ಕಾವ್ಯ ಬರೆದವರು, ಒಂದೊಂದು ಮೀನಿಗೆ ಊರೂರಲ್ಲಿರುವ ಹೆಸರು ಕಲೆಹಾಕಿದವರು, ಸಂತೇಲಿ ಸಿಗೋ ಮಾತು ನನ್ನ ಪದ್ಯದಲ್ಲಿ ಕಂಡ್ರೆ ಅದು ನಂದಲ್ಲ ಅಂತ ತಿಳ್ಕೊಳ್ರೋ ಎಂದು ಕಿವಿ ಹಿಂಡಿದವರು — ತಿಳಿದುಕೊಂಡೆ, ಚೆನ್ನಾಗಿಯೇ ತಿಳಿದುಕೊಂಡೆ. ಅವರು ಸತ್ತ ಮೇಲೆ ಶುದ್ಧಪ್ರತಿಯ ಕೆಲಸ ನನ್ನ ಹೆಗಲಿಗೆ ಬಂತು, ಮೂರನೇ ಸುರುಳಿಯಲ್ಲಿ ನದಿಯೊಂದು ಸಮುದ್ರ ಸೇರುವ ಕಡೆ ಇದ್ದಕ್ಕಿದ್ದಂತೆ ನಾಲ್ಕು ಸಾಲು, ಅಡುಗೆಮನೆಯ ಮಾತು, ಯಾವುದೋ ಮಗು, ಯಾರೋ ಅರೆಬೆಂದವನು ತುರುಕಿದ್ದಾನೆ ಎಂದು ಅಂಚಿನಲ್ಲಿ ಅನುಮಾನದ ಗೀಟು ಎಳೆದೆ, ಲೇಖನಿ ಹಾಳೆಯನ್ನು ಕಚ್ಚುವಷ್ಟು ಒತ್ತಿ ಎಳೆದೆ, ಗುರುವಿನ ಮಾನ ಉಳಿಸಿದೆನೆಂಬ ಹೆಮ್ಮೆ. ಹಳಬರ ಕಾವ್ಯಕ್ಕೆ ಗುರುಗಳೂ ಗೀಟು ಎಳೆಯುತ್ತಿದ್ದರು, ಸಾಲನ್ನು ಮಾತ್ರ ಕೈಬಿಡುತ್ತಿರಲಿಲ್ಲ, ಅನುಮಾನ ನಮ್ದು ಕಣೋ, ಸಾಲು ಕವಿಯದು, ಇರ್ಲಿ ಬಿಡು ಎನ್ನುತ್ತಿದ್ದರು — ನನಗೋ ದಣಿವು, ಹಾಳೆ ಸಾಲದು, ಗೀಟಿದ್ದದ್ದನ್ನು ಬಿಟ್ಟು ಬರಿ ಎಂದು ನಕಲುಗಾರನಿಗೆ ಹೇಳಿದೆ, ಗುರುಗಳು ಹೇಳಿ ಬರೆಸಿದ್ದ ಆ ಮೂಲ ಸುರುಳಿಯನ್ನು ಸ್ಪಂಜಿನಿಂದ ತೊಳೆದೆ, ಇಲ್ಲಿ ಎಲ್ಲರೂ ತೊಳೆಯುತ್ತಾರೆ, ಜೊಂಡಿನ ಹಾಳೆಯೇನು ಅಗ್ಗವೇ, ಒಣಗಿಸಿ ಅದರ ಮೇಲೆ ನನ್ನ ಟಿಪ್ಪಣಿ ಬರೆದೆ. ಅವರ ಅಪರೂಪದ ಪದಗಳು ಎರಡು ಸಾವಿರ ನನಗೆ ಬಾಯಿಪಾಠ. ಆ ನಾಲ್ಕು ಸಾಲಿನ ಒಂದು ಪದವೂ ನೆನಪಿಲ್ಲ.

ಓದೋ, ಬಿಸಿಲೇರ್ತಿದೆ, ಎನ್ನುತ್ತಾರೆ. ಶುದ್ಧಪ್ರತಿ ಅರಮನೆಯ ಗ್ರಂಥಾಲಯದಲ್ಲಿದೆ, ಕೈಗೆ ಸಿಕ್ಕಿದ್ದು ತೊಳೆದು ಟಿಪ್ಪಣಿ ಬರೆದ ಅದೇ ಸುರುಳಿ, ಅವರಿಗೆ ಓದು ಬಾರದು, ಯಾವುದಾದರೇನು, ಬಿಚ್ಚಿ ಅವರ ಮಡಿಲ ಮೇಲೇ ಹರಡಿದೆ, ಗುರುಗಳಂತೆ ನಾಲ್ಕು ಸಾಲು ಕಟ್ಟಲು ನನಗೆ ಒಂದು ಉಸಿರು ಸಾಕು, ಕಟ್ಟಿದೆ, ಬಿರಿಯದ ಮೊಗ್ಗು, ಪಾತಾಳದ ದೊರೆ, ತೆರೆಯಿಲ್ಲದ ನದಿಯ ದಡ, ಛಂದಸ್ಸು ಎಲ್ಲೂ ಕುಂಟಲಿಲ್ಲ, ಬಾಗಿಲಲ್ಲಿ ಕಲ್ಲುಕುಟಿಗ ಭೇಷ್ ಎಂದ, ನನಗೆ ಸತ್ತುಹೋಗುವಷ್ಟು ನಾಚಿಕೆ. ನಿಕಾರೆತೆ ಅಮ್ಮ ಕೊನೆಯವರೆಗೂ ಕೇಳಿಸಿಕೊಂಡು ಹೇಳಿದರು, ಚೆನ್ನಾಗಿದೆ ಕಣಪ್ಪ, ಆದ್ರೆ ಇದಲ್ಲ, ಇದು ನಂಗೆ ಅರ್ಥ ಆಗ್ಲಿಲ್ಲ, ಅದು ಆಗಿತ್ತು, ಐವತ್ತು ವರ್ಷ ಅವರ ಜೊತೆ ಬಾಳಿದ್ದೀನಿ, ಅವರು ಬರ್ದಿದ್ರಲ್ಲಿ ನಂಗೆ ಅರ್ಥ ಆಗಿದ್ದು ಅದೊಂದೇ, ಇನ್ನೊಂದ್ಸಲ ನೋಡು, ಅಲ್ಲೇ ಎಲ್ಲೋ ಇರುತ್ತೆ — ಸ್ಪಂಜು ಅಕ್ಷರಗಳನ್ನೆಲ್ಲ ಒಯ್ದಿದೆ, ಒತ್ತಿ ಎಳೆದದ್ದನ್ನು ಒಯ್ದಿಲ್ಲ, ಅವರ ಬೆರಳು ಹಾಳೆಯ ಅಂಚನ್ನು ತಡವುತ್ತ ಬಂದು ನಿಂತಿತು, ಇಲ್ಲೇನೋ ಕೈಗೆ ಸಿಗ್ತಿದೆ ನೋಡು, ಇದನ್ನ ಓದು — ಓದುತ್ತೇನೆ ಅಮ್ಮಾ, ಗೀಟು, ನಿಮ್ಮ ಬೆರಳ ಕೆಳಗೆ ಗೀಟು, ನನ್ನ ಕೈ ಎಳೆದ ಗೀಟು, ಗೀಟು