ಹಾಲಿಸ್ ಪ್ರೂಯೆಟ್ ಮತ್ತು ಬಿಟ್ಟಿ ಪಾರ್ಕಿಂಗ್

ಹಾಲಿಸ್ ಪ್ರೂಯೆಟ್ ಎದುರಿಗೆ ಬಂದವರ ಮುಖವನ್ನು ಮೊದಲು ನೋಡುತ್ತಿರಲಿಲ್ಲ, ಪಾದವನ್ನು ನೋಡುತ್ತಿದ್ದ. ಓಹಾಯೋದ ನಮ್ಮ ಫೇರ್‌ಲೋ ಊರಿನ ಮುಖ್ಯಬೀದಿಯಲ್ಲಿ ಮೂವತ್ತು ವರ್ಷ ಬೂಟು ಮಾರಿದವನಿಗೆ, ಹೆಜ್ಜೆಯ ಸಪ್ಪಳದಲ್ಲೇ ಅಳತೆ ತಿಳಿದುಬಿಡುತ್ತಿತ್ತು. ಜುಲೈ ತಿಂಗಳ ಉರಿಬಿಸಿಲಿನಲ್ಲೂ ಕಂದು ಉಣ್ಣೆಯ ಕೋಟು ತೊಟ್ಟು, ತುಸು ಮುಂದಕ್ಕೆ ಬಾಗಿ, ಯಾರದೋ ಮದುವೆಯ ಜವಾಬ್ದಾರಿ ತನ್ನ ತಲೆಯ ಮೇಲೇ ಬಿದ್ದಂತೆ ಧಾವಿಸುವ ನಡಿಗೆ ಅವನದು. ಯಾವ ಮಾತಿಗೂ "ಹೇಳ್ತೀನಿ ಕೇಳು" ಎಂಬ ಪೀಠಿಕೆ.

ಊರಾಚೆಯ ಜೋಳದ ಹೊಲದಲ್ಲಿ ಶಾಪಿಂಗ್ ಸೆಂಟರ್ ಎದ್ದ ವರ್ಷ, ವರ್ತಕರ ಸಂಘಕ್ಕೆ ಅವನೇ ಅಧ್ಯಕ್ಷ. ಗಿರಾಕಿಗಳನ್ನು ಸೆಳೆಯಲು 'ಹುಚ್ಚರ ದಿನ' ಎಂಬ ಅಗ್ಗದ ಮಾರಾಟ ಸಾರಿ, ಮಾನವಂತ ವರ್ತಕರಿಗೆಲ್ಲ ರಾತ್ರಿಯಂಗಿ, ಕುಚ್ಚಿನ ಟೋಪಿ ತೊಡಿಸಿ ಹಾಡುಹಗಲೇ ಬೀದಿಯಲ್ಲಿ ನಿಲ್ಲಿಸಿದ. ಎದುರುಸಾಲಿನ ಔಷಧಿ ಅಂಗಡಿಯವನಾದ ನಾನೂ ಹಾಗೆ ನಿಂತೆ. ಎಡಗಾಲಿನ ಬೂಟಿಗೆ ಒಂದು ಡಾಲರ್, ಬಲಗಾಲಿನದಕ್ಕೆ ಐದು ಎಂದು ಫಲಕ ಬರೆದು, ಒಂದನ್ನೇ ಕೇಳಿದ ರೈತನಿಗೆ ಒಂದನ್ನೇ ಕೊಟ್ಟು ಕಳಿಸಿದ ಭೂಪ ಅವನು!

ಆದರೂ ಗಿರಾಕಿಗಳು ಕರಗುತ್ತಲೇ ಹೋದರು. ಕೊನೆಗೆ, ಬೀದಿಯ ಜೀವನಾಡಿಯಾಗಿದ್ದ ಮೂರಂತಸ್ತಿನ ಬಟ್ಟೆ ಮಳಿಗೆಯ ಒಡತಿ ಈಡಿತ್ ಗ್ರೇಬಲ್ ಖಡಾಖಂಡಿತವಾಗಿ ಹೇಳಿದಳು: "ಇನ್ನೊಂದೇ ಒಂದು ಶನಿವಾರ ನೋಡ್ತೀನಿ, ಹಾಲಿಸ್. ಜನ ಬರ್ಲಿಲ್ಲ ಅಂದ್ರೆ ನಾನೂ ಮಳಿಗೆ ಎತ್ಕೊಂಡು ಶಾಪಿಂಗ್ ಸೆಂಟರಿಗೇ ಹೋಗ್ತೀನಿ." ಅವಳು ಹೋದರೆ ಉಳಿದವರೆಲ್ಲ ಬಾಗಿಲು ಹಾಕಬೇಕಾದ್ದೇ.

"ಹೇಳ್ತೀನಿ ಕೇಳು, ಜನ ಹೋಗೋದು ಅಲ್ಲಿ ಸಾಮಾನು ಚೆನ್ನಾಗಿದೆ ಅಂತಲ್ಲ, ಗಾಡಿ ನಿಲ್ಸೋಕೆ ಕಾಸು ಕೇಳಲ್ಲ ಅಂತ!" ಎಂದ ಹಾಲಿಸ್, ಗಾಡಿ ನಿಲ್ಲಿಸಿದವರಿಂದ ಕಾಸು ನುಂಗಲು ಬೀದಿಯುದ್ದಕ್ಕೂ ನೆಟ್ಟಿದ್ದ ಪಾರ್ಕಿಂಗ್ ಮೀಟರುಗಳಿಗೆಲ್ಲ ಹಳದಿ ಚೀಲದ ಮುಸುಕು ಹಾಕಿಸಿದ. ಆ ಶನಿವಾರ ದಿನವಿಡೀ ಬಿಟ್ಟಿ. ಪತ್ರಿಕೆಯಲ್ಲಿ ಪೂರ್ತಿಪುಟದ ಜಾಹೀರಾತು, ಬೀದಿಯ ಮೂಲೆಯಲ್ಲಿ ಬ್ಯಾಂಡು.

ಶನಿವಾರ ಒಂಬತ್ತಕ್ಕೇ ಬೀದಿಯ ಎರಡೂ ಮಗ್ಗುಲು ಕಾರುಗಳಿಂದ ಕಿಕ್ಕಿರಿದಿದ್ದವು. "ನೋಡ್ದೇನಯ್ಯಾ!" ಎಂದು ಅವನು ನನ್ನ ಬೆನ್ನಿಗೆ ಗುದ್ದಿದ. ಹತ್ತಾಯಿತು, ಬ್ಯಾಂಡು ನುಡಿಯಿತು. ಫುಟ್‌ಪಾತಿನಲ್ಲಿ ನರಪಿಳ್ಳೆಯೂ ಇಲ್ಲ.

ಆಗ ಮಕ್ಕಳನ್ನು ಹೇರಿಕೊಂಡ ಕಾರೊಂದು ನಡುಬೀದಿಯಲ್ಲೇ ನಿಂತಿತು. "ನಾಲ್ಕು ಸುತ್ತು ಹಾಕ್ದೆ, ಮಿಸ್ಟರ್ ಪ್ರೂಯೆಟ್! ಬನ್ನಿ ಬನ್ನಿ ಅಂತ ಕರೆದು, ಗೇಣು ಜಾಗ ಇಡ್ಲಿಲ್ವಲ್ರೀ!" ಎಂದು ಕಿರುಚಿದ ಹೆಂಗಸು, ಶಾಪಿಂಗ್ ಸೆಂಟರಿನ ದಿಕ್ಕಿಗೆ ಗಾಡಿ ತಿರುಗಿಸಿದಳು. ಅವಳ ಹಿಂದೆ ಇನ್ನೂ ಆರು ಗಾಡಿಗಳು ತಿರುಗಿದವು.

ಹಾಲಿಸ್ ಕಾರುಗಳನ್ನು ಒಂದೊಂದಾಗಿ ನೋಡುತ್ತಾ ನಡೆದ. ಕ್ಷೌರಿಕನದು. ಬ್ಯಾಂಕಿನವನದು. ಗ್ರೇಬಲ್ ಮಳಿಗೆಯ ಗುಮಾಸ್ತೆಯರವು. ನನ್ನದು. ಮೀಟರು ಗಂಟೆಗೊಮ್ಮೆ ಕಾಸು ಬೇಡುತ್ತಿದ್ದುದರಿಂದ ನಾವೆಲ್ಲ ದಿನಾ ಹಳ್ಳದಾಚೆಯ ಬಯಲಿನಲ್ಲಿ ಗಾಡಿ ಬಿಟ್ಟು ನಡೆದು ಬರುತ್ತಿದ್ದವರು. ಮುಸುಕು ಬಿದ್ದದ್ದೇ ತಡ, ಬೆಳಗಾಗುತ್ತಲೇ ಬಂದು ನಮ್ಮ ನಮ್ಮ ಬಾಗಿಲ ಮುಂದೆ ನಿಲ್ಲಿಸಿಕೊಂಡಿದ್ದೆವು. ಇಡೀ ಊರನ್ನು ನಾವೇ ಹಿಂದಕ್ಕೆ ಕಳಿಸಿದ್ದೆವು.

ಗ್ರೇಬಲ್ ಮಳಿಗೆಯ ಹೆಬ್ಬಾಗಿಲಿನೆದುರು, ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ, ಹಸಿರು ಕಾರೊಂದು ನಿಂತಿತ್ತು. ಹಾಲಿಸ್ ಅದರ ಮುಂದೆ ನಿಂತು, ಕೋಟಿನ ಜೇಬಿನಿಂದ ಅದರ ಕೀಲಿ ಹೊರತೆಗೆದ.

"ಆರೂವರೆಗೆ ಬಂದೆ ಕಣಯ್ಯಾ," ಎಂದ ಹಾಲಿಸ್. "ಚೀಲ ಸರಿಯಾಗಿ ಕಟ್ಟಿದ್ದಾರಾ ನೋಡೋಣ ಅಂತ ಬಂದೆ."

ಈಡಿತ್ ಬಾಗಿಲಲ್ಲೇ ನಿಂತಿದ್ದಳು. ಬಯ್ಯಲಿಲ್ಲ. "ಗಾಡಿ ತೆಗಿ, ಹಾಲಿಸ್," ಎಂದಳು, ಅಷ್ಟೆ. ಮಧ್ಯಾಹ್ನದೊಳಗೆ ಅವನು ಅಂಗಡಿ ಅಂಗಡಿಗೆ ಓಡಿ ಬೀದಿಯನ್ನೆಲ್ಲ ತೆರವು ಮಾಡಿಸಿದ. ಹಾಗೆ ತೆರವಾದದ್ದು ಮತ್ತೆ ತುಂಬಲಿಲ್ಲ. ಸೋಮವಾರ ಅವಳು ಶಾಪಿಂಗ್ ಸೆಂಟರಿನ ಕರಾರಿಗೆ ಸಹಿ ಹಾಕಿದಳು.

ಇಂಥವರನ್ನು ಸ್ವಾರ್ಥಿಗಳೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಊರಿಗಾಗಿ ಜೀವ ತೇಯುತ್ತಾರೆ, ಎಲ್ಲರಿಗಿಂತ ಮೊದಲು ಎದ್ದು ಬರುತ್ತಾರೆ, ಔತಣಕ್ಕೆ ಮನೆಮನೆಗೂ ಹೋಗಿ ಕರೆಯುತ್ತಾರೆ. ಆದರೆ ಮೊದಲ ಪಂಕ್ತಿಯ ಎಲೆಗಳ ಮುಂದೆ ಕೂತಿರುವವರು ತಾವೇ ಎಂಬುದು, ಅತಿಥಿಗಳು ಹೊಸ್ತಿಲಿನಿಂದಲೇ ಹಿಂತಿರುಗುವ ತನಕ ಅವರಿಗೆ ಕಾಣುವುದಿಲ್ಲ.